ಡಿಸೆಂಬರಿನಲ್ಲಿ ವಿಯೆನ್ನಾಗೆ ಬರುವವರಿಗೆ: ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ನೆನಪಿರಲಿ

ನಾನು ಹಾಸನದವಳು. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಗೆ ಬಂದು ಹನ್ನೊಂದು ವರ್ಷವಾಯಿತು. ಪ್ರತಿ ವರ್ಷ ದೀಪಾವಳಿ ಮುಗಿಯುವ ಹೊತ್ತಿಗೆ ಊರಿನಿಂದ ಫೋನ್ ಶುರುವಾಗುತ್ತದೆ. "ಈ ಸಲ ಕ್ರಿಸ್‌ಮಸ್‌ಗೆ ಮುಂಚೆ ಆ ಕಡೆ ಬರೋಣ ಅಂತಿದ್ದೀವಿ. ಏನೇನು ನೋಡಬಹುದು?" ಅಪ್ಪ ಅಮ್ಮ ಬಂದು ಹೋದರು. ಅತ್ತೆ ಮಾವ ಬಂದು ಹೋದರು. ಚಿಕ್ಕಪ್ಪನ ಮಗ ಹೆಂಡತಿ, ಇಬ್ಬರು ಮಕ್ಕಳ ಜೊತೆ ಬಂದು ಹೋದ. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿ, ಈ ಸಲ ಬರೆದೇ ಬಿಡೋಣ ಅನ್ನಿಸಿತು.

ಬರುವವರೆಲ್ಲ ಒಂದು ಪಟ್ಟಿ ಹಿಡಿದುಕೊಂಡು ಬರುತ್ತಾರೆ. ದಿನಕ್ಕೆ ಆರು ಜಾಗ. ಬೇಸಿಗೆಯಲ್ಲಾದರೆ ಸರಿ, ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದೇ ಏಳೂವರೆ ದಾಟಿ. ನಾಲ್ಕಕ್ಕೆ ಮುಳುಗಿಬಿಡುತ್ತಾನೆ. ಅಷ್ಟರಲ್ಲೂ ಅರ್ಧ ದಿನ ಬೂದು ಮೋಡ. ಹೊರಗೆ ಸೊನ್ನೆಯ ಆಸುಪಾಸಿನ ಚಳಿ. ಎರಡನೇ ಜಾಗ ಮುಗಿಯುವಷ್ಟರಲ್ಲಿ ಮಕ್ಕಳು ಅಳುತ್ತಾರೆ, ದೊಡ್ಡವರು ಸಿಡುಕುತ್ತಾರೆ.

ನಮ್ಮ ಮನೆಯ ಲೆಕ್ಕ ಹೀಗಿದೆ. ಬೆಳಿಗ್ಗೆ ಒಂದೇ ಒಂದು ದೊಡ್ಡ ಜಾಗ. ಮಧ್ಯಾಹ್ನ ಎಲ್ಲಾದರೂ ಬೆಚ್ಚಗೆ ಕೂತು ಊಟ. ಮೂರೂವರೆಗೆ ಕ್ರಿಸ್‌ಮಸ್ ಸಂತೆ. ಏಳಕ್ಕೆ ಮನೆ. ಹೊರಗೆ ಒಂದೂವರೆ ಗಂಟೆ ಕಳೆದಿರೆಂದರೆ ಯಾವುದಾದರೂ ಬಾಗಿಲು ತಳ್ಳಿ ಒಳಗೆ ಹೋಗಿಬಿಡಿ. ಚರ್ಚ್ ಆಗಬಹುದು, ಕಾಫಿ ಹೌಸ್ ಆಗಬಹುದು, ಪುಸ್ತಕದ ಅಂಗಡಿಯೂ ಆಗಬಹುದು. ಕೆಳಗೆ ಹೇಳುವುದೆಲ್ಲ ಈ ಲೆಕ್ಕದ ಮೇಲೆಯೇ.

ಯಾವಾಗ ಬರಬೇಕು

ಕ್ರಿಸ್‌ಮಸ್ ಸಂತೆಗಳು ನವೆಂಬರ್ ಮಧ್ಯದಲ್ಲೇ ಶುರುವಾಗುತ್ತವೆ. ಡಿಸೆಂಬರಿನ ಮೊದಲ ಎರಡು ವಾರ, ಅದರಲ್ಲೂ ಸೋಮವಾರದಿಂದ ಗುರುವಾರ, ಒಳ್ಳೆಯ ಕಾಲ. ಶನಿವಾರ ಸಂಜೆ ಮಾತ್ರ ದೊಡ್ಡ ಸಂತೆಗಳ ಕಡೆ ತಲೆ ಹಾಕಬೇಡಿ. ಹಾಸನಾಂಬೆಯ ದರ್ಶನಕ್ಕೆ ಸಾಲಿನಲ್ಲಿ ನಿಂತವರಿಗೆ ಆ ಜನಜಂಗುಳಿಯನ್ನು ವಿವರಿಸಬೇಕಿಲ್ಲ. ಡಿಸೆಂಬರ್ 8 ಇಲ್ಲಿ ರಜಾದಿನ, ಪಕ್ಕದ ಇಟಲಿಯಲ್ಲೂ ರಜೆ. ಅದು ವಾರಾಂತ್ಯಕ್ಕೆ ಅಂಟಿಕೊಂಡು ಬಂದರೆ ಊರು ತುಂಬಿ ತುಳುಕುತ್ತದೆ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಅಂತಿದೆ, ಆದರೆ ಅದನ್ನು ನಂಬಿ ಕೂರಬೇಡಿ. ದಸರಾ ಹೊತ್ತಿಗೆ ಅಪಾಯಿಂಟ್‌ಮೆಂಟ್ ಕೈಯಲ್ಲಿರಲಿ. 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ವಯಸ್ಸಾದವರಿಗೆ ವಿಮೆ ಮಾಡಿಸುವಾಗ ಬಿಪಿ, ಶುಗರ್ ಇರುವುದನ್ನು ಮುಚ್ಚಿಡಬೇಡಿ. ಈಗ ಗಡಿಯಲ್ಲಿ ಬೆರಳಚ್ಚು, ಫೋಟೋ ತೆಗೆಯುವ ಹೊಸ ಪದ್ಧತಿಯೂ ಬಂದಿದೆ. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ ವಿಮಾನ ಬದಲಿಸುವುದಾದರೆ ಆ ಸಾಲು ಅಲ್ಲೇ ಸಿಗುತ್ತದೆ, ಹಾಗಾಗಿ ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಇಟ್ಟುಕೊಳ್ಳಿ.

ಮನೆ ಹಿಡಿಯುವಾಗ ಕೇಳಬೇಕಾದ ಪ್ರಶ್ನೆ

ನಾಲ್ಕೈದು ಜನ ಬರುವುದಾದರೆ ಹೋಟೆಲಿಗಿಂತ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ವಾಸಿ. ಹಳೇ ಊರಿನ ನಡುಮಧ್ಯವೇ ಬೇಕೆಂದಿಲ್ಲ. ಮೆಟ್ರೋ ನಿಲ್ದಾಣಕ್ಕೆ ಐದು ನಿಮಿಷದ ನಡಿಗೆಯಿದ್ದರೆ ಸಾಕು.

ಆದರೆ ಒಂದನ್ನು ತಪ್ಪದೆ ಕೇಳಿ: ಲಿಫ್ಟ್ ಇದೆಯಾ? ವಿಯೆನ್ನಾದ ಹಳೇ ಕಟ್ಟಡಗಳಲ್ಲಿ ಒಂದು ತಮಾಷೆ ಇದೆ. ನೆಲಮಹಡಿಯಿಂದ ಮೇಲೆ ಹತ್ತಿದರೆ 'ಹೋಖ್‌ಪಾರ್ಟೇರ್' ಅಂತ ಒಂದು ಮಹಡಿ. ಅದರ ಮೇಲೆ 'ಮೆಜಾನಿನ್'. ಅದಾದ ಮೇಲೆ ಬರುವುದು 'ಮೊದಲನೇ ಮಹಡಿ'! ಚಿಕ್ಕಪ್ಪನ ಮಗ "ಎರಡನೇ ಮಹಡಿ ತಾನೇ, ಹತ್ತಿಬಿಡ್ತೀವಿ" ಅಂತ ಬುಕ್ ಮಾಡಿದ. ನಾಲ್ಕು ಮಹಡಿ ಮೇಲಕ್ಕೆ ಆರು ಸೂಟ್‌ಕೇಸ್ ಹೊತ್ತ. ಮುಂದಿನ ಎರಡು ದಿನ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡೇ ಊರು ನೋಡಿದ.

ಬಟ್ಟೆ

ದಪ್ಪ ಜಾಕೆಟ್ ಒಂದಿದ್ದರೆ ಆಯಿತು ಅಂದುಕೊಳ್ಳಬೇಡಿ. ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಕೋಟು. ಇಲ್ಲಿ ಎಲ್ಲ ಕಟ್ಟಡದ ಒಳಗೂ ಹೀಟರ್ ಇರುತ್ತದೆ, ಒಳಗೆ ಹೋದ ತಕ್ಷಣ ಬೆವರು. ಬಿಚ್ಚಲು, ಹಾಕಲು ಸುಲಭವಾಗಿರಬೇಕು.

ಕೋಟಿಗಿಂತ ಪಾದ ಮುಖ್ಯ. ಸಂತೆಯಲ್ಲಿ ಕಲ್ಲುಹಾಸಿನ ಮೇಲೆ ನಿಂತೇ ಇರಬೇಕು, ಥಂಡಿ ಕೆಳಗಿನಿಂದ ಏರುತ್ತದೆ. ತೆಳು ಅಡಿಯ ಸ್ಪೋರ್ಟ್ಸ್ ಶೂ ಬೇಡ. ದಪ್ಪ ರಬ್ಬರ್ ಅಡಿಯ, ನೀರು ಇಳಿಯದ ಶೂ ತನ್ನಿ. ಉಣ್ಣೆ ಕಾಲುಚೀಲ ಹಾಕುವುದಾದರೆ ಶೂ ಒಂದು ಸೈಜ್ ದೊಡ್ಡದಿರಲಿ. ಹತ್ತಿ ಕಾಲುಚೀಲ ಒದ್ದೆಯಾದರೆ ಕಥೆ ಮುಗಿಯಿತು. ಕಿವಿ ಮುಚ್ಚುವ ಟೋಪಿ ಎಲ್ಲರಿಗೂ. ನಮ್ಮೂರಿನ ಮಂಕಿ ಕ್ಯಾಪ್ ತಂದರೆ ಇಲ್ಲಿ ಯಾರೂ ನಗುವುದಿಲ್ಲ, ಧೈರ್ಯವಾಗಿ ಹಾಕಿ.

ಅಮ್ಮ ಸೀರೆ ಬಿಟ್ಟು ಬೇರೇನೂ ಉಡುವುದಿಲ್ಲ ಅಂತ ಹಟ ಹಿಡಿದಿದ್ದರು. ಸರಿ, ಒಳಗೆ ಥರ್ಮಲ್ ಪ್ಯಾಂಟ್, ಮೇಲೆ ಲಂಗ, ಸೀರೆ, ಉದ್ದನೆಯ ಕೋಟು. ಚಳಿ ತಡೆಯಿತು. ಆದರೆ ರಸ್ತೆಯ ಕರಗಿದ ಮಂಜಿನಲ್ಲಿ ಸೀರೆಯ ಅಂಚು ಎಳೆದಾಡಿ ಮೊಣಕಾಲವರೆಗೆ ಒದ್ದೆ. ಮೂರನೇ ದಿನ ತಾವೇ "ಆ ಚೂಡಿದಾರ ಕೊಡು ಇಲ್ಲಿ" ಅಂದರು. ನಿಮ್ಮ ಮನೆಯಲ್ಲೂ ಹೀಗಿದ್ದರೆ ಸೀರೆಯನ್ನು ನಾಲ್ಕು ಬೆರಳು ಮೇಲಕ್ಕೆ ಉಡಲು ಹೇಳಿ.

ಬ್ಯಾಗಿನಲ್ಲಿ ಏನು ತರಬೇಕು, ಏನು ಬೇಡ

ಹಾಲಿನ ಪದಾರ್ಥ ಮತ್ತು ಮಾಂಸವನ್ನು ಹೊರದೇಶದಿಂದ ಯುರೋಪಿಯನ್ ಒಕ್ಕೂಟಕ್ಕೆ ತರುವಂತಿಲ್ಲ. ಅಂದರೆ ಮನೆಯ ತುಪ್ಪ, ಪೇಡ, ಖೋವಾ ಮಿಠಾಯಿ ಎಲ್ಲ ಊರಲ್ಲೇ ಬಿಡಿ. ಕರಿಬೇವು, ಹಸಿಮೆಣಸಿನಕಾಯಿ, ಮಾವಿನಕಾಯಿ ತರಲೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಆ ನಿಯಮದಿಂದ ಬಿಟ್ಟಿರುವುದು ಐದೇ ಹಣ್ಣು: ಬಾಳೆ, ತೆಂಗು, ಖರ್ಜೂರ, ಅನಾನಸ್, ಡುರಿಯನ್. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಕೋಡುಬಳೆ ಚೆನ್ನಾಗಿ ಪ್ಯಾಕ್ ಮಾಡಿ ತನ್ನಿ. ಸಂಜೆ ಏಳಕ್ಕೆ ಹೆಪ್ಪುಗಟ್ಟಿದ ಮೂಗು ಹೊತ್ತು ಮನೆಗೆ ಬಂದಾಗ ಬಿಸಿ ಅನ್ನ, ಚಟ್ನಿಪುಡಿಗಿಂತ ಬೇರೇನೂ ಬೇಕಾಗುವುದಿಲ್ಲ. ತುಪ್ಪಕ್ಕೆ ಇಲ್ಲಿನ ಬೆಣ್ಣೆ ತಂದು ಕಾಯಿಸಿದರೆ ಆಯಿತು, ಬಹಳ ಚೆನ್ನಾಗಿರುತ್ತದೆ.

ಜ್ವರ, ಕೆಮ್ಮು, ಹೊಟ್ಟೆನೋವಿನ ಮಾತ್ರೆ ತಪ್ಪದೆ ತನ್ನಿ. ಭಾನುವಾರ ಔಷಧಿ ಅಂಗಡಿಗಳು ಸರದಿಯ ಪ್ರಕಾರ ಒಂದೊಂದೇ ತೆರೆದಿರುತ್ತವೆ. ರಾತ್ರಿ ಹುಡುಕಿಕೊಂಡು ಅಲೆಯುವುದು ಬೇಡ. ತುಟಿಗೆ, ಕೈಗೆ ಹಚ್ಚಲು ಏನಾದರೂ ಇರಲಿ. ಹೀಟರಿನ ಒಣಗಾಳಿಗೆ ಎರಡೇ ದಿನದಲ್ಲಿ ಚರ್ಮ ಬಿರಿಯುತ್ತದೆ.

ನೀರಿನ ಬಾಟಲಿ ಕೊಳ್ಳಬೇಡಿ. ಇಲ್ಲಿನ ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಬುಗ್ಗೆಗಳಿಂದ ನೇರವಾಗಿ ಬರುತ್ತದೆ. ಮೊದಲ ಕೊಳವೆ ಸಾಲು 1873ರಲ್ಲಿ ಆಯಿತು, ಎರಡನೆಯದು 1910ರಲ್ಲಿ. ಅಪ್ಪ ಮೊದಲ ದಿನ ನಂಬಲಿಲ್ಲ. ಅಂಗಡಿಗೆ ಹೋಗಿ ಆರು ಬಾಟಲಿ ಹೊತ್ತು ತಂದರು. ತೆರೆದರೆ ಎಲ್ಲ ಗ್ಯಾಸ್ ನೀರು! ಆಮೇಲೆ ನಲ್ಲಿಗೇ ಲೋಟ ಹಿಡಿದರು.

ಓಡಾಟ

ವಿಮಾನ ನಿಲ್ದಾಣದಿಂದ ಊರಿಗೆ ಮೂರು ಬಗೆಯ ರೈಲಿವೆ. 'ಕ್ಯಾಟ್' ಎಂಬ ಹಸಿರು ರೈಲು 16 ನಿಮಿಷದಲ್ಲಿ ತಲುಪಿಸುತ್ತದೆ, ಬೆಲೆ ಜಾಸ್ತಿ. ಸುಮ್ನೆ ಎಸ್-7 ಎಂಬ ಲೋಕಲ್ ರೈಲು ಹಿಡಿಯಿರಿ, ಹತ್ತು ನಿಮಿಷ ತಡ ಅಷ್ಟೇ. ಮುಖ್ಯ ರೈಲು ನಿಲ್ದಾಣದ ಹತ್ತಿರ ಮನೆ ಹಿಡಿದವರಿಗೆ ರೈಲ್‌ಜೆಟ್ ಅನುಕೂಲ. ವಿಮಾನ ನಿಲ್ದಾಣ ಊರಿನ ಟಿಕೆಟ್ ವಲಯದ ಹೊರಗಿದೆ, ಅಲ್ಲಿಂದ ಬರಲು ಬೇರೆ ಟಿಕೆಟ್ ತೆಗೆಯಬೇಕು.

ಊರೊಳಗೆ ಮೆಟ್ರೋ, ಟ್ರಾಂ, ಬಸ್ಸು ಎಲ್ಲಕ್ಕೂ ಒಂದೇ ಟಿಕೆಟ್. ಒಂದು ದಿನದ್ದು ಅಥವಾ ವಾರದ್ದು ತೆಗೆದುಕೊಳ್ಳಿ. ಆರು ವರ್ಷದೊಳಗಿನ ಮಕ್ಕಳಿಗೆ ಬೇಕಿಲ್ಲ. ಇಲ್ಲಿ ಗೇಟ್ ಇಲ್ಲ, ಯಾರೂ ತಡೆಯುವುದಿಲ್ಲ. ಆದರೆ ಕಾಗದದ ಟಿಕೆಟ್ ಕೊಂಡರೆ ಸಾಲದು, ಪ್ಲಾಟ್‌ಫಾರ್ಮಿಗೆ ಹೋಗುವ ದಾರಿಯ ಚಿಕ್ಕ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಬೇಕು. ಮಾಮೂಲಿ ಬಟ್ಟೆಯಲ್ಲಿ ಬರುವ ತಪಾಸಣೆಯವರಿಗೆ ಸಿಕ್ಕಿಬಿದ್ದರೆ ದಂಡ ನೂರು ಯೂರೋ ಮೇಲೆ, "ಗೊತ್ತಿರಲಿಲ್ಲ ಸಾರ್" ನಡೆಯುವುದಿಲ್ಲ. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ, ಎಡ ನಡೆಯುವವರಿಗೆ. ಮತ್ತೊಂದು ಮುಖ್ಯ ವಿಷಯ: ಮೆಟ್ರೋ ಒಳಗೆ ತಿನ್ನುವಂತಿಲ್ಲ. 2019ರಿಂದ ಎಲ್ಲ ಲೈನಿನಲ್ಲೂ ನಿಷೇಧ. ನಮ್ಮ ಚಕ್ಕುಲಿ ಡಬ್ಬಿ ಬಿಚ್ಚಿದಾಗ ಬರುವ ಶಬ್ದಕ್ಕೇ ಇಡೀ ಬೋಗಿ ತಿರುಗುತ್ತದೆ.

ಕಾಲು ನೋಯುವವರಿಗೆ ಟ್ರಾಂ ವರ. ಹಳೇ ಊರಿನ ಕೋಟೆಗೋಡೆಯನ್ನು ಒಡೆಸಲು ಚಕ್ರವರ್ತಿ ಫ್ರಾನ್ಸ್ ಜೋಸೆಫ್ 1857ರಲ್ಲಿ ಆಜ್ಞೆ ಹೊರಡಿಸಿದ. ಆ ಜಾಗದಲ್ಲಿ ಬಂದ ಅಗಲ ರಸ್ತೆಯೇ ರಿಂಗ್. ಒಪೇರಾ, ಪಾರ್ಲಿಮೆಂಟ್, ರಾಟ್‌ಹೌಸ್ (ನಗರಸಭೆ), ಯೂನಿವರ್ಸಿಟಿ ಎಲ್ಲ ಅದರ ದಂಡೆಯಲ್ಲೇ ಇವೆ. ಸಂಜೆ ಐದಕ್ಕೆ ಟ್ರಾಂ ಕಿಟಕಿ ಪಕ್ಕ ಕೂತರೆ ದೀಪ ಹಾಕಿದ ಊರೆಲ್ಲ ಬೆಚ್ಚಗೆ ನೋಡಬಹುದು. ಅತ್ತೆಗೆ ಇಡೀ ಪ್ರವಾಸದಲ್ಲಿ ಹಿಡಿಸಿದ್ದು ಅದೇ. (71ನೇ ನಂಬರಿನ ಟ್ರಾಂ ಊರಿನ ದೊಡ್ಡ ಸ್ಮಶಾನಕ್ಕೆ ಹೋಗುತ್ತದೆ. ಯಾರಾದರೂ ತೀರಿಕೊಂಡರೆ "71 ಹಿಡಿದರು" ಅನ್ನುವುದು ಇಲ್ಲಿಯವರ ಮಾತು. ಸಂಗೀತಗಾರ ಬೀಥೋವನ್ ಸಮಾಧಿಯೂ ಅಲ್ಲೇ ಇದೆ, ನೋಡುವ ಆಸೆಯಿದ್ದರೆ 71 ಹಿಡಿದು ವಾಪಸ್ ಬನ್ನಿ.)

ಮೂರು ದಿನ ಹೇಗೆ ಕಳೆಯಬೇಕು

ಮೊದಲ ದಿನ ಮ್ಯೂಸಿಯಂ ಇಟ್ಟುಕೊಳ್ಳಿ, ನಿದ್ದೆಗೆಟ್ಟ ಮೈಗೆ ಅದೇ ಸರಿ. ಮರಿಯಾ ತೆರೇಸಿಯಾ ಚೌಕದಲ್ಲಿ ಅವಳಿಜವಳಿ ಥರ ಎರಡು ಕಟ್ಟಡಗಳು ಎದುರುಬದುರು ನಿಂತಿವೆ. ಒಂದು ನಿಸರ್ಗದ ಮ್ಯೂಸಿಯಂ, ಇನ್ನೊಂದು ಕಲೆಯದು. ನಡುವೆಯೇ ಒಂದು ಸಂತೆ. 19 ವರ್ಷದೊಳಗಿನವರಿಗೆ ಎರಡೂ ಕಡೆ ಉಚಿತ. ಮಕ್ಕಳಿದ್ದರೆ ಕಣ್ಣು ಮುಚ್ಚಿ ನಿಸರ್ಗದ ಕಡೆ ಹೋಗಿ: ಡೈನೋಸಾರ್ ಇದೆ, ಆಕಾಶದಿಂದ ಬಿದ್ದ ಕಲ್ಲುಗಳ ದೊಡ್ಡ ಕೋಣೆಯೇ ಇದೆ. ವಿಲ್ಲೆನ್‌ಡಾರ್ಫಿನ ವೀನಸ್ ಅನ್ನುವ ಕಲ್ಲಿನ ಬೊಂಬೆಯನ್ನು ಬಿಡಬೇಡಿ. 1908ರಲ್ಲಿ ಸಿಕ್ಕಿದ್ದು, 11 ಸೆಂಟಿಮೀಟರ್ ಎತ್ತರ, ವಯಸ್ಸು 25 ಸಾವಿರ ವರ್ಷಕ್ಕೂ ಹೆಚ್ಚು. ಅದಕ್ಕೇ ಒಂದು ಪುಟ್ಟ ಕತ್ತಲೆ ಕೋಣೆ ಮಾಡಿಟ್ಟಿದ್ದಾರೆ, ನಮ್ಮ ಗರ್ಭಗುಡಿ ಥರ. ಅಮ್ಮ ತಮಗೆ ಗೊತ್ತಿಲ್ಲದೆ ಕೈ ಮುಗಿದರು. ದೊಡ್ಡವರಷ್ಟೇ ಬಂದಿದ್ದರೆ ಎದುರಿನ ಕಟ್ಟಡದಲ್ಲಿ ಬ್ರೂಗೆಲ್ ಎಂಬ ಚಿತ್ರಕಾರ 1565ರಲ್ಲಿ ಬರೆದ ಹಿಮದಲ್ಲಿ ಬೇಟೆಗಾರರ ಚಿತ್ರ ಇದೆ. ಹೊರಗಿನ ಚಳಿಯಿಂದ ಬಂದು ಅದರ ಮುಂದೆ ನಿಂತರೆ ಆ ನಾಯಿಗಳ ಪಾದ ಎಷ್ಟು ತಣ್ಣಗಿರಬಹುದು ಅಂತ ಗೊತ್ತಾಗುತ್ತದೆ. ಒಂದೊಂದು ಮ್ಯೂಸಿಯಂಗೆ ವಾರದಲ್ಲಿ ಒಂದೊಂದು ದಿನ ರಜೆ ಇರಬಹುದು, ನೋಡಿಕೊಂಡು ಹೋಗಿ.

ಎರಡನೇ ದಿನ ಶೋನ್‌ಬ್ರುನ್ ಅರಮನೆ. ಮೆಟ್ರೋ ಯು-4 ಬಾಗಿಲ ಹತ್ತಿರವೇ ಇಳಿಸುತ್ತದೆ. 1441 ಕೋಣೆಗಳಿವೆ, ಹೆದರಬೇಡಿ, ತೋರಿಸುವುದು ನಲವತ್ತರಷ್ಟು. ಟಿಕೆಟ್‌ಗೆ ಗಂಟೆ ನಿಗದಿಯಾಗಿರುತ್ತದೆ, ಆನ್‌ಲೈನ್ ಮುಂಚೆಯೇ ತೆಗೆಯಿರಿ. ಬೆಳಿಗ್ಗೆಯ ಹೊತ್ತೇ ಒಳ್ಳೆಯದು. ಮೈಸೂರು ಅರಮನೆ ನೋಡಿದ ನಮ್ಮವರಿಗೆ ಒಳಗಿನ ಚಿನ್ನದ ಕೆಲಸ ಅಷ್ಟೇನೂ ಅಚ್ಚರಿ ಅನ್ನಿಸುವುದಿಲ್ಲ. ಮಾವ ಅಂತೂ "ನಮ್ಮ ದರ್ಬಾರ್ ಹಾಲ್ ಮುಂದೆ ಇದೇನು" ಅಂದುಬಿಟ್ಟರು. ಆದರೆ ಹಿಂದಿನ ತೋಟದೊಳಗೆ 1752ರ ಪ್ರಾಣಿ ಸಂಗ್ರಹಾಲಯ ಇದೆ, ಜಗತ್ತಿನಲ್ಲಿ ಇಂದಿಗೂ ನಡೆಯುತ್ತಿರುವ ಅತಿ ಹಳೆಯದು. ಪಕ್ಕದಲ್ಲೇ 1882ರ ಗಾಜಿನ ತಾಳೆಮನೆ. ಒಳಗೆ ಬಾಳೆ, ತಾಳೆ, ಜಿನುಗುವ ಬಿಸಿ ಗಾಳಿ. ಚಳಿಯಲ್ಲಿ ಮುದುಡಿದವರನ್ನು ಅಲ್ಲಿ ಅರ್ಧ ಗಂಟೆ ಕೂರಿಸಿದರೆ ಮತ್ತೆ ಅರಳುತ್ತಾರೆ. ಕತ್ತಲಾದ ಮೇಲೆ ಅರಮನೆಯ ಮುಂದಿನ ಅಂಗಳದ ಸಂತೆ.

ಮೂರನೇ ದಿನ ಹಳೇ ಊರು. ಸ್ಟೆಫಾನ್ ಕ್ಯಾಥೆಡ್ರಲಿನ ದಕ್ಷಿಣದ ಗೋಪುರ 136 ಮೀಟರ್, ಹತ್ತಲು 343 ಮೆಟ್ಟಿಲು. ಮೊಣಕಾಲು ಗಟ್ಟಿಯಿದ್ದವರು ಅತ್ತ ಹೋಗಲಿ. ಉತ್ತರದ ಗೋಪುರಕ್ಕೆ ಲಿಫ್ಟ್ ಇದೆ, ಅಲ್ಲಿ ಪುಮ್ಮೆರಿನ್ ಎಂಬ ಇಪ್ಪತ್ತು ಟನ್ನಿನ ಗಂಟೆ ಇದೆ. ಸಂಜೆ ಗ್ರಾಬೆನ್ ರಸ್ತೆಗೆ ಬಂದರೆ ತಲೆ ಮೇಲೆ ಆಕಾಶಕ್ಕೇ ಕಟ್ಟಿದಂತೆ ದೊಡ್ಡ ದೊಡ್ಡ ದೀಪದ ಗೊಂಚಲು. ಅಲ್ಲಿಂದ ಫ್ರೈಯುಂಗ್, ಆಮ್ ಹೋಫ್ ಸಂತೆಗಳು ನಡೆಯುವಷ್ಟು ಹತ್ತಿರ.

ಯಾವ ಸಂತೆ

ಫೋಟೋಗಳಲ್ಲಿ ಬರುವುದು ರಾಟ್‌ಹೌಸ್ ಮುಂದಿನದು. ನಗರಸಭೆಯ ಕಟ್ಟಡ, ಮುಂದೆ ಪ್ರತಿ ವರ್ಷ ಆಸ್ಟ್ರಿಯಾದ ಒಂದೊಂದು ರಾಜ್ಯದಿಂದ ಬರುವ ದೊಡ್ಡ ಮರ, ಮಕ್ಕಳಿಗೆ ತಿರುಗುಣಿ, ಐಸ್ ಮೇಲೆ ಜಾರುವ ದಾರಿ. ಅದನ್ನು ನೋಡಲೇಬೇಕು, ಆದರೆ ಸೋಮವಾರ ಮೂರೂವರೆಗೆ ಹೋಗಿ ಐದೂವರೆಗೆ ಹೊರಡಿ. ಅಲ್ಲಿ ಸಾಮಾನು ಕೊಳ್ಳಬೇಡಿ. ಅರ್ಧಕ್ಕರ್ಧ ಎಲ್ಲಿ ಬೇಕಾದರೂ ಸಿಗುವ ಮಾಲು.

ಕೊಳ್ಳಲು ಕಾರ್ಲ್ಸ್‌ಪ್ಲಾಟ್ಸ್. ಕುಶಲಕರ್ಮಿಗಳು ತಾವೇ ಮಾಡಿದ್ದನ್ನು ತಾವೇ ಮಾರುತ್ತಾರೆ. ಮಕ್ಕಳು ಹುಲ್ಲಿನ ರಾಶಿಯಲ್ಲಿ ಹೊರಳಾಡುವ ಜಾಗವೂ ಇದೆ, ನಮ್ಮ ಕಣದ ನೆನಪು ಬರುತ್ತದೆ. ಷ್ಪಿಟ್ಟೆಲ್‌ಬೆರ್ಗ್ ಸಂತೆ ಕಿರಿದಾದ ಓಣಿಗಳಲ್ಲಿ ಹರಡಿಕೊಂಡಿದೆ. ನನಗೆ ಅದೇ ಇಷ್ಟ. ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ಇರುವವರಿಗೆ ಮಾತ್ರ ಕಷ್ಟ.

ಬಿಸಿ ಪಾನೀಯ ಕೊಟ್ಟ ಮಗ್‌ಗೆ ಮುಂಗಡ ಹಿಡಿದುಕೊಳ್ಳುತ್ತಾರೆ. ವಾಪಸ್ ಕೊಟ್ಟರೆ ಹಣ ವಾಪಸ್. ಇಟ್ಟುಕೊಂಡರೂ ನಷ್ಟವಿಲ್ಲ, ಊರಿಗೆ ಒಯ್ಯಲು ಅದಕ್ಕಿಂತ ಅಗ್ಗದ ಉಡುಗೊರೆ ಸಿಗುವುದಿಲ್ಲ. ಆದರೆ 'ಪುನ್ಷ್' ಅಂದರೆ ಹಣ್ಣಿನ ರಸ ಅಂದುಕೊಳ್ಳಬೇಡಿ, ಅದರಲ್ಲಿ ರಮ್ ಇರುತ್ತದೆ. ಮಾವ ಕಿತ್ತಳೆ ಬಣ್ಣ ನೋಡಿ ಒಂದು ಮಗ್ ಕುಡಿದರು. "ಜ್ಯೂಸ್ ಚೆನ್ನಾಗಿದೆ ಕಣಮ್ಮ, ಇನ್ನೊಂದು ತರ್ತೀಯಾ?" ಎರಡನೆಯದು ಮುಗಿಯುವಷ್ಟರಲ್ಲಿ ರಾಟ್‌ಹೌಸ್ ಮುಂದೆ ನಿಂತು ರಂಗಗೀತೆ ಶುರು ಮಾಡಿದರು. ಜೀವನದಲ್ಲಿ ಒಂದು ಹನಿ ಮುಟ್ಟದವರು. ಅತ್ತೆಗೆ ಇವತ್ತಿಗೂ ನಿಜ ಹೇಳಿಲ್ಲ. 'ಕಿಂಡರ್‌ಪುನ್ಷ್' ಅಂತ ಕೇಳಿ, ಅದು ಮಕ್ಕಳದ್ದು. ಅನುಮಾನ ಬಂದರೆ 'ಆಲ್ಕೋಹೋಲ್‌ಫ್ರೈ?' (ಮದ್ಯ ಇಲ್ಲದ್ದಾ?) ಅಂತ ಕೇಳಿ.

ಸಸ್ಯಾಹಾರಿಗಳಿಗೆ

ಉಪವಾಸ ಬೀಳುವುದಿಲ್ಲ, ಆದರೆ ಮೋಸ ಹೋಗುವ ಜಾಗಗಳಿವೆ. 'ಕೇಸೆ' ಅಂದರೆ ಚೀಸ್, ಸರಿ. ಆದರೆ 'ಕೇಸೆಕ್ರೈನರ್' ಅಂದರೆ ಚೀಸ್ ತುಂಬಿದ ಮಾಂಸದ ಸಾಸೇಜ್. ಸಾರಿನೊಳಗೆ ದೋಸೆ ಚೂರು ತೇಲುವ 'ಫ್ರಿಟಾಟೆನ್‌ಸುಪ್ಪೆ' ನೋಡಲು ಪಾಪದ್ದು, ಆ ಸಾರು ದನದ ಮೂಳೆಯದು. ಆಲೂಗಡ್ಡೆ ರೊಟ್ಟಿಯಲ್ಲಿ, ಕೈಸರ್‌ಷ್ಮಾರ್ನ್ ಎಂಬ ಸಿಹಿ ದೋಸೆ ಚೂರಿನಲ್ಲಿ ಮೊಟ್ಟೆ ಇರುತ್ತದೆ. ಮೊಟ್ಟೆಯೂ ಬೇಡವೆಂದರೆ "ವೇಗಾನ್?" ಅಂತ ಒಂದೇ ಮಾತು ಕೇಳುವುದು ಸುಲಭ, ಎಲ್ಲರಿಗೂ ಅರ್ಥವಾಗುತ್ತದೆ.

ತಿನ್ನಬೇಕಾದದ್ದು ಮಾರೋನಿ. ರಸ್ತೆ ಬದಿಯ ಒಲೆಯಲ್ಲಿ ಸುಟ್ಟ ಚೆಸ್ಟ್‌ನಟ್, ಥೇಟ್ ಸುಟ್ಟ ಹಲಸಿನ ಬೀಜದ ರುಚಿ. ಪೊಟ್ಟಣ ಹಿಡಿದುಕೊಂಡರೆ ಕೈಯೂ ಬೆಚ್ಚಗೆ. ಲಾಂಗೋಷ್ ಅಂದರೆ ತಟ್ಟೆ ಅಗಲದ ಪೂರಿಗೆ ಬೆಳ್ಳುಳ್ಳಿ ಸವರಿದ್ದು. ಗೆರ್ಮ್‌ಕ್ನೋಡೆಲ್ ಅಂತ ಒಂದಿದೆ: ಹಬೆಯಲ್ಲಿ ಬೆಂದ ದೊಡ್ಡ ಕಡುಬು, ಒಳಗೆ ಪ್ಲಮ್ ಹೂರಣ, ಮೇಲೆ ಗಸಗಸೆ, ಸಕ್ಕರೆ. ಒಂದು ತಟ್ಟೆ ಇಬ್ಬರಿಗೆ ಸಾಕು.

ಸಂತೆಯ ಅಂಗಡಿಗಳಿಗೆ ಚಿಲ್ಲರೆ ಯೂರೋ ಜೇಬಿನಲ್ಲಿರಲಿ, ಶೌಚಾಲಯಕ್ಕೂ ಬೇಕು. ಕಾಫಿ ಹೌಸಿಗೆ ಹೋದಾಗಲೆಲ್ಲ ಅಗತ್ಯವಿರಲಿ ಬಿಡಲಿ ಎಲ್ಲರನ್ನೂ ಒಮ್ಮೆ ಶೌಚಾಲಯಕ್ಕೆ ಕಳಿಸಿ. ಥರ್ಮಲ್ ಹಾಕಿದ ಮಗುವಿಗೆ ಸಂತೆಯ ನಡುವೆ ಅವಸರವಾದರೆ ಏನಾಗುತ್ತದೆ ಅಂತ ಅನುಭವದಿಂದ ಹೇಳುತ್ತಿದ್ದೇನೆ.

ಇಪ್ಪತ್ನಾಲ್ಕನೇ ತಾರೀಖು

"ಕ್ರಿಸ್‌ಮಸ್ ದಿನವೇ ಇದ್ದುಬಿಡ್ತೀವಿ, ಗದ್ದಲ ನೋಡಬೇಕು" ಅನ್ನುವವರಿಗೆ ಇದು. ಇಲ್ಲಿ ಹಬ್ಬ 24ರ ಸಂಜೆ, ಮನೆಯೊಳಗೆ. ಉಡುಗೊರೆ ತರುವುದು ಸಾಂಟಾ ಅಲ್ಲ, 'ಕ್ರಿಸ್ಟ್‌ಕಿಂಡ್' ಎಂಬ ದಿವ್ಯ ಮಗು. ಮಧ್ಯಾಹ್ನವೇ ಅಂಗಡಿ ಮುಚ್ಚುತ್ತವೆ. ಹೆಚ್ಚಿನ ಊಟದ ಹೋಟೆಲ್‌ಗಳೂ ಇಲ್ಲ. ಊರು ಬಂದ್ ದಿನದ ಥರ ಖಾಲಿ. 25, 26 ಎರಡೂ ರಜೆ. ಹಾಲು, ಮೊಸರು, ತರಕಾರಿ 23ರಂದೇ ತಂದಿಡಿ. ಭಾನುವಾರಗಳಲ್ಲೂ ಅಂಗಡಿ ಇರುವುದಿಲ್ಲ. ದೊಡ್ಡ ರೈಲು ನಿಲ್ದಾಣಗಳ ಸೂಪರ್‌ಮಾರ್ಕೆಟ್ ಮಾತ್ರ ತೆರೆದಿರುತ್ತದೆ, ಅಲ್ಲಿನ ಸಾಲು ನೋಡಿಯೇ ಹಸಿವು ಹೋಗುತ್ತದೆ. ಗದ್ದಲ ಬೇಕಾದವರು 20ರೊಳಗೆ ನೋಡಿ ಹೊರಟುಬಿಡಿ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ: ಹಿಮ ಬೀಳುತ್ತಾ? ವಿಯೆನ್ನಾದಲ್ಲಿ ಡಿಸೆಂಬರಿನಲ್ಲಿ ಬಿದ್ದರೆ ಬಿತ್ತು. ಜಾಸ್ತಿ ಸಲ ಬರೀ ತುಂತುರು. ಹಿಮಕ್ಕೆಂದೇ ಒಂದು ದಿನ ಕೈಯಲ್ಲಿ ಇಟ್ಟುಕೊಂಡಿರಿ. ಹವಾಮಾನ ನೋಡಿ, ಬಿದ್ದಿದೆ ಅಂತ ಗೊತ್ತಾದ ದಿನ ಬೆಳಿಗ್ಗೆ ಸೆಮ್ಮೆರಿಂಗ್ ರೈಲು ಹತ್ತಿ. ಒಂದೂಕಾಲು ಗಂಟೆ ದಾರಿ. 1854ರಲ್ಲಿ ಮುಗಿದ ಬೆಟ್ಟದ ರೈಲು ಮಾರ್ಗ ಅದು, ಎತ್ತರದ ಕಲ್ಲಿನ ಕಮಾನುಗಳ ಮೇಲೆ ಹೋಗುತ್ತದೆ, ಯುನೆಸ್ಕೋ ಪಟ್ಟಿಯಲ್ಲೂ ಇದೆ. ಅಮ್ಮ ಅಲ್ಲಿ ಇಳಿದು ಒಂದು ಹಿಡಿ ಹಿಮ ತೆಗೆದು ಮೂಸಿ ನೋಡಿದರು. "ಏನೂ ವಾಸನೆಯೇ ಇಲ್ಲವಲ್ಲೇ" ಅಂದರು. ಆಮೇಲೆ ಅದನ್ನೇ ಉಂಡೆ ಮಾಡಿ ಅಪ್ಪನ ಬೆನ್ನಿಗೆ ಹೊಡೆದರು. ಒಂದು ಜೊತೆ ಗ್ಲೌಸ್ ಹೆಚ್ಚಿಗೆ ತನ್ನಿ, ಆ ದಿನ ಬೇಕಾಗುತ್ತದೆ.